ಕಿವಿಯ ಚಿತ್ರವಿದ್ದ ಆ್ಯಪ್

"ಈ ಮನೆಯಿಂದ ಒಬ್ಬ ಗೂಢಚಾರನೂ ಜೀವಸಹಿತ ಹೊರಗೆ ಹೋಗಬಾರದು!"

ಹೊಸದುರ್ಗದ ಹೈಸ್ಕೂಲೊಂದರ ಡ್ರಿಲ್ ಮಾಸ್ತರ ರಂಗಸ್ವಾಮಿ ಭಾನುವಾರ ಬೆಳಿಗ್ಗೆ ಟೀವಿ ಮುಂದೆ ಎದ್ದು ನಿಂತು ಘೋಷಿಸಿದ. ದೇಶದ ಭದ್ರತೆಗೆ ಅಪಾಯವೆಂದು ಸರ್ಕಾರ ಇನ್ನೊಂದಷ್ಟು ವಿದೇಶಿ ಆ್ಯಪ್‌ಗಳನ್ನು ನಿಷೇಧಿಸಿತ್ತು. ಪಟ್ಟಿ ಪೂರ್ತಿ ಓದುವ ತಾಳ್ಮೆ ಅವನಿಗಿರಲಿಲ್ಲ. ಹೆಸರಿಗೆ ನಾಲಿಗೆ ಹೊರಳದ್ದೆಲ್ಲ ಶತ್ರುವೇ ಎಂದು ತೀರ್ಮಾನಿಸಿ ತನ್ನ ಫೋನಿನಲ್ಲಿ ಒಂಬತ್ತನ್ನು ಅಳಿಸಿದ. ಆಮೇಲೆ, ಹೆಂಡತಿ ಚಿತ್ರಾ ಬಟ್ಟೆ ಒಗೆಯುತ್ತಿದ್ದ ಹೊತ್ತು ನೋಡಿ, ಅವಳ ಫೋನಿನ ಮೇಲೆ ದಂಡೆತ್ತಿ ಹೋದ. ಅಲ್ಲೊಂದು ಸಿಕ್ಕಿತು. ಹೆಸರು ಓದಲಾಗದು; ಜೊತೆಗೆ ಕಿವಿಯ ಚಿತ್ರ!

"ಕದ್ದು ಕೇಳಾಕೆ ಬೋರ್ಡೇ ಹಾಕ್ಕಂಡಾರೆ ನೋಡು!" ಎಂದು ಅದರ ಕತ್ತು ಹಿಸುಕಿದ.

ಚಿತ್ರಾ ಒದ್ದೆ ಕೈಯಲ್ಲೇ ಓಡಿಬಂದಳು. "ಅಯ್ಯೋ, ಅದು ಅಪ್ಪನ ಕಿವಿ ಕಣ್ರೀ!"

ಅವಳ ಅಪ್ಪ ಗೊಲ್ಲಪ್ಪ ತಾಳ್ಯದಲ್ಲಿ ಐವತ್ತು ವರ್ಷ ಕುರಿ ಕಾಯ್ದವರು. ಹೊಟ್ಟೆನೋವಿನ ಚಿಕಿತ್ಸೆಗೆಂದು ಮಗಳ ಮನೆಗೆ ಬಂದಿದ್ದರು. ಅವರ ಕಿವಿಯ ಪುಟ್ಟ ಶ್ರವಣಯಂತ್ರಕ್ಕೆ ಗುಂಡಿಯಿಲ್ಲ. ಸದ್ದು ಏರಿಸುವುದು, ಇಳಿಸುವುದು ಎಲ್ಲ ಆ ಆ್ಯಪಿನಲ್ಲೇ. ಅಂದು ಅಪ್ಪ ಟೀವಿ ವಾರ್ತೆ ಕೇಳಲೆಂದು ಚಿತ್ರಾ ಅದನ್ನು ತುತ್ತತುದಿಗೆ ಏರಿಸಿದ್ದಳು. ಈಗ ಇಳಿಸುವ ದಾರಿಯಿಲ್ಲದೆ ಸದ್ದು ಅಲ್ಲೇ ಉಳಿದುಬಿಟ್ಟಿತು.

ಮರುದಿನ ರಂಗಸ್ವಾಮಿ ಯಂತ್ರ ಕೊಂಡಿದ್ದ ಚಿತ್ರದುರ್ಗದ ಅಂಗಡಿಗೆ ಓಡಿದ. ಅಂಗಡಿಯ ಲಕ್ಷ್ಮೀಕಾಂತ್ ಆಗದೆಂದು ಕೈಯಲ್ಲಾಡಿಸಿದ.

"ಅದೂ ಪಟ್ಟಿಯಾಗೆ ಸೇರೈತೆ ಸಾರ್, ಹೊಸದಾಗಿ ಇಳಿಸ್ಕಳಾಕಾಗಲ್ಲ. ಫೋನಾಗಿದ್ದಿದ್ದನ್ನ ಬಿಟ್ಟಿದ್ರೆ ಇನ್ನೂ ನಾಕು ದಿನ ನಡೀತಿತ್ತು. ಯಾಕೆ ಅಳಿಸಿದ್ರಿ?"

"ದೇಶಕ್ಕಾಗಿ!"

ಲಕ್ಷ್ಮೀಕಾಂತ್ ಸೆಲ್ಯೂಟ್ ಹೊಡೆಯಲಿಲ್ಲ. "ಬೇರೆ ಯಂತ್ರ ಬರಾಕೆ ಒಂದು ವಾರ ಬೇಕು" ಎಂದ.

ಅಲ್ಲಿಯವರೆಗೆ ತೆಗೆದಿಡಿ ಎಂದರೆ ಗೊಲ್ಲಪ್ಪ ಒಪ್ಪಬೇಕಲ್ಲ! "ಗ್ವಾಡೆ ಮ್ಯಾಲೆ ಹಲ್ಲಿ ನಡೆಯೋದು ಕೇಳ್ತೈತೆ ಅಳಿಯಂದ್ರೇ! ಎದುರುಮನೆ ಓಬಕ್ಕ ಸೊಸೆನ ಬಯ್ಯೋದು ಒಂದೊಂದು ಪದಾನೂ ಕೇಳ್ತೈತೆ! ಹತ್ತು ವರ್ಷ ಕಿವುಡಾಗಿದ್ದೆ, ಕೇಳಾಣ ಬಿಡ್ರಿ."

ಮನೆಯಲ್ಲಿ ತಟ್ಟೆ ಇಡುವುದಕ್ಕೂ ಹೆದರಿಕೆ. ಒಗ್ಗರಣೆ ಸಿಡಿದರೆ ಮುದುಕರು ಬೆಚ್ಚಿಬೀಳುವರು. ಐನೂರು ಮಕ್ಕಳನ್ನು ಒಂದೇ ಕೂಗಿಗೆ ನಿಲ್ಲಿಸುವ ರಂಗಸ್ವಾಮಿ ಸ್ವಂತ ಮನೆಯಲ್ಲಿ ಕಳ್ಳನಂತೆ ತುದಿಗಾಲಲ್ಲಿ ನಡೆದ.

ಆದರೆ ಆ ಮನೆಯಲ್ಲಿ ಮುಚ್ಚಿಟ್ಟ ಮಾತೊಂದಿತ್ತು. ಗೊಲ್ಲಪ್ಪನವರ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಅವರಿಗೆ ಮಾತ್ರ "ಬರೀ ಗ್ಯಾಸು" ಎಂದು ನಂಬಿಸಲಾಗಿತ್ತು. ಬುಧವಾರ ಮಧ್ಯಾಹ್ನ ರಂಗಸ್ವಾಮಿಗೆ ಡಾಕ್ಟರ ಫೋನು ಬಂತು. ಗಂಡ ಹೆಂಡತಿ ಹಿತ್ತಲಿಗೆ ಹೋದರು. ಸದ್ದಾಗಲೆಂದು ನಲ್ಲಿ ಬಿಟ್ಟರು. ತೆಂಗಿನ ಮರದ ಹಿಂದೆ ನಿಂತು ಪಿಸುಗುಟ್ಟಿದರು.

"ಎಷ್ಟು ದಿನ ಅಂದ್ರು?"

"ಮೂರು ತಿಂಗ್ಳು. ಅಷ್ಟೇ."

ಚಿತ್ರಾ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಒಳಗೆ ಬಂದಾಗ ಗೊಲ್ಲಪ್ಪ ಮಂಚದ ಮೇಲೆ ಎದ್ದು ಕುಳಿತಿದ್ದರು.

"ಮೂರು ತಿಂಗ್ಳು ಅಂದ್ರಲ್ಲ, ಅದು ಇವತ್ತಿಂದನಾ, ಪರೀಕ್ಷೆ ಮಾಡಿಸಿದ ದಿನದಿಂದನಾ?"

ರಂಗಸ್ವಾಮಿ ಮಂಚದ ಅಂಚಿಗೆ ಕುಳಿತ. "ಮಾವ... ನಾನು ಆ ಆ್ಯಪ್ ಅಳಿಸ್ದೆ ಇದ್ದಿದ್ರೆ..."

"ಅಳಿಸ್ದೆ ಇದ್ದಿದ್ರೆ ನಾನು ಗ್ಯಾಸಿನಿಂದ ಸಾಯ್ತಿದ್ದೆ."

ಗೊಲ್ಲಪ್ಪ ಕಿವಿಯಿಂದ ಯಂತ್ರ ಕಿತ್ತು ಅಳಿಯನ ಅಂಗೈಯಲ್ಲಿಟ್ಟರು.

"ಮೂರು ದಿನದಿಂದ ನನ್ ಮಗಳು ಉಸಿರು ಬಿಗಿಹಿಡಿದು ಅಳ್ತಾ ಅವ್ಳೆ. ಕೇಳಿ ಕೇಳಿ ಸಾಕಾತು. ಇನ್ನ ನಂಗೇನೂ ಕೇಳ್ಸಲ್ಲ, ಬಾಯ್ಬಿಟ್ಟು ಅಳಾಕೆ ಹೇಳ್ರಿ."

ಚಿತ್ರಾಳಿಗಿಂತ ಮೊದಲು ಗೊಳೋ ಎಂದವನು ಡ್ರಿಲ್ ಮಾಸ್ತರ. ಗೊಲ್ಲಪ್ಪ ಅವನ ಬಾಯನ್ನೇ ನೋಡುತ್ತ ಕೇಳಿದರು:

"ಏನಂದ್ರಿ?"