ಇಪ್ಪತ್ತೈದು ನಿಮಿಷಕ್ಕೊಂದು ಹಳ್ಳಿ

ಎಲ್ಲರೂ ಪ್ರವಾಸಕ್ಕೆ ಹೋಗಿ ಫೋಟೋ ತರುತ್ತಾರೆ. ನಾವು ಮಾತ್ರ ಹೋದಲ್ಲೆಲ್ಲ ಏನಾದರೊಂದು ಫಜೀತಿ ಮಾಡಿಕೊಂಡು ಬರುತ್ತೇವೆ. ಬೇಕಂತ ಮಾಡುವುದಲ್ಲ, ತಾನಾಗೇ ಆಗುತ್ತದೆ. ಈಗ ಟೆಕ್ಸಸ್‌ನ ನಮ್ಮೂರು ಫ್ಲವರ್ ಮೌಂಡ್‌ನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ತಾಟು ಕೈಗೆ ಬರುವುದರೊಳಗೆ ಒಬ್ಬರು ಕೇಳಿಯೇ ಬಿಡುತ್ತಾರೆ, “ಆ ಫ್ರಾನ್ಸಿಂದು ಇನ್ನೊಮ್ಮೆ ಹೇಳ್ರೀ ಆಂಟಿ.” ಕೂಡಲೇ ನಮ್ಮ ಮನೆಯವರು ನೀರು ತರುತ್ತೇನೆಂದು ಎದ್ದು ಹೋಗುತ್ತಾರೆ.

ಕೂಡೋದು ಎಲ್ಲಿ ಅದ?

ನಾನು ಒಂದು ಡೆಂಟಲ್ ಕ್ಲಿನಿಕ್‌ನಲ್ಲಿ ಹಲ್ಲು ಕ್ಲೀನ್ ಮಾಡುವವಳು. ಕುರ್ಚಿಯಲ್ಲಿ ಮಲಗಿದವರು ಹೆದರಬಾರದೆಂದು ಅಲ್ಲಿ ಸೀಲಿಂಗ್‌ಗೆ ಒಂದು ದೊಡ್ಡ ಚಿತ್ರ ಅಂಟಿಸಿದ್ದಾರೆ. ಫ್ರಾನ್ಸ್ ದೇಶದ ಬ್ರಿಟನಿ ಸೀಮೆಯ, ಸಮುದ್ರದ ಪಕ್ಕದ ಒಂದು ಹಳೇ ಹಳ್ಳಿ. ಬೂದಿಬಣ್ಣದ ಕಲ್ಲಿನ ಮನೆಗಳು, ನೀಲಿ ಕಿಟಕಿಗಳು, ನೀಲಿ ಹೂಗೊಂಚಲು, ಒಂದು ಖಾಲಿ ಬೆಂಚು. ಹದಿನೈದು ವರ್ಷದಿಂದ ನನ್ನ ಮುಂದೆ ಬಾಯಿ ತೆರೆದವರೆಲ್ಲ ಆ ಹಳ್ಳಿ ನೋಡಿದ್ದಾರೆ, ನಾನು ಅವರ ದವಡೆ ನೋಡಿದ್ದೇನೆ. ಸಂಜೆ ಎಲ್ಲರೂ ಹೋದ ಮೇಲೆ ಎಷ್ಟೋ ಸಲ ನಾನೇ ಕುರ್ಚಿಯಲ್ಲಿ ಮಲಗಿ ಮೇಲೆ ನೋಡಿದ್ದುಂಟು. ನನಗಿದ್ದದ್ದು ಒಂದೇ ಆಸೆ: ಒಂದು ಮಧ್ಯಾಹ್ನ, ಅಂಥ ಬೆಂಚಿನ ಮೇಲೆ, ಏನೂ ಮಾಡದೆ ಸುಮ್ಮನೆ ಕೂಡಬೇಕು.

ನಮ್ಮ ಮನೆಯವರು ಪಕ್ಕದ ಲಾಸ್ ಕೊಲಿನಾಸ್‌ನ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಆಸೆ ಹೇಳಿದ ಮೂರನೇ ದಿನಕ್ಕೆ ಎಕ್ಸೆಲ್ ಶೀಟು ತಯಾರಾಯಿತು. ಆರು ದಿನ, ಮೂವತ್ತು ಹಳ್ಳಿ, ಪ್ರತಿ ಹಳ್ಳಿಗೆ ಇಪ್ಪತ್ತೈದು ನಿಮಿಷ. ಅದಕ್ಕೆ ಬಣ್ಣ ಹಚ್ಚಿ, ಪ್ರಿಂಟ್ ತೆಗೆದು, ಲ್ಯಾಮಿನೇಟ್ ಬೇರೆ ಮಾಡಿಸಿದ್ದರು.

ನಾನು ಆ ತುದಿಯಿಂದ ಈ ತುದಿಯವರೆಗೆ ಬೆರಳಾಡಿಸಿ ನೋಡಿದೆ. “ಇದರಾಗ ಕೂಡೋದು ಎಲ್ಲಿ ಅದ ರೀ?”

“ಕೂಡೋದಾ?” ಅವರು ಕನ್ನಡಕ ಸರಿಮಾಡಿಕೊಂಡು ಶೀಟನ್ನು ನನಗಿಂತ ಶ್ರದ್ಧೆಯಿಂದ ಹುಡುಕಿದರು. “ಹೋಗ್ತ ಒಂಬತ್ತು ತಾಸು, ಬರ್ತ ಹತ್ತು ತಾಸು ಫ್ಲೈಟ್‌ನ್ಯಾಗ ಕೂಡೋದ ಅದಲ್ಲ!”

ಮೂರು ಸುತ್ತು

ನಮ್ಮ ಜೊತೆಯಲ್ಲೇ ಇರುವ, ಎಪ್ಪತ್ತಾರು ವರ್ಷದ ಅತ್ತೆಯವರೂ ಬಂದಿದ್ದರು. ಮೊಣಕಾಲು ನೋವು, ಆದರೆ ಹುರುಪು ನಮ್ಮಿಬ್ಬರಿಗಿಂತ ಹೆಚ್ಚು.

ಟೆಕ್ಸಸ್‌ನಲ್ಲಿ ಹಿಡಿದ ರಸ್ತೆ ಹಿಡಿದಂಗೇ ಡಾಲಸ್‌ನಿಂದ ಹ್ಯೂಸ್ಟನ್‌ವರೆಗೆ ಹೋಗಿ ರೂಢಿಯಾದವರು ನಾವು. ಬ್ರಿಟನಿಯಲ್ಲಿ ಎರಡು ಮೈಲಿಗೊಂದು ಸರ್ಕಲ್ಲು. ಮೊದಲನೇ ದಿನ ಬೆಳಿಗ್ಗೆ, ಸಮುದ್ರದಿಂದ ಎದ್ದ ಮಂಜು ಹೊಲದ ಮೇಲೆಲ್ಲ ಹಾಸಿಕೊಂಡಿತ್ತು. ಒಂದು ಸರ್ಕಲ್ಲಿಗೆ ಬಂದೆವು. ನಡುವೆ ಹಾವಸೆ ಹಿಡಿದ ಹಳೇ ಕಲ್ಲಿನ ಶಿಲುಬೆ, ಸುತ್ತ ಕೆತ್ತಿದ ಸಂತರು. ಯಾವ ಕಡೆ ಹೊರಬೀಳಬೇಕೆಂದು ಫೋನು ಹೇಳುವುದರೊಳಗೆ ಆ ರಸ್ತೆ ದಾಟಿಹೋಗಿತ್ತು. ಮತ್ತೊಂದು ಸುತ್ತು. ಮತ್ತೆ ದಾಟಿತು. ಇವರು ಬಾಡಿಗೆ ಕಾರಿನ ಗೇರಿನ ಜೊತೆ ಜಗಳಾಡುತ್ತ ಇನ್ನೊಂದು ಸುತ್ತು ಹಾಕಿದರು.

ಹಿಂದಿನ ಸೀಟಿನಿಂದ ಸಪ್ಪಳವೇ ಇಲ್ಲ. ತಿರುಗಿ ನೋಡಿದರೆ ಅತ್ತೆಯವರು ಸೆರಗು ಹೊದ್ದು, ಕಣ್ಣು ಮುಚ್ಚಿ, ಕೈ ಮುಗಿದುಕೊಂಡು ಕೂತಿದ್ದಾರೆ. ನಾಲ್ಕನೇ ಸುತ್ತು ಶುರುವಾದಾಗ ಕಣ್ಣು ತೆರೆದು ಮಗನ ಹೆಗಲು ತಟ್ಟಿದರು.

“ಮೂರು ಸುತ್ತು ಆತಪಾ, ಸಾಕು. ದೇವರಿಗೆ ಮುಟ್ಟೇದ. ಇನ್ನ ಊರಿಗೆ ನಡಿ.”

ಸಮುದ್ರ ಇರಲಿಲ್ಲ

ಎರಡನೇ ದಿನದ ಶೀಟಿನಲ್ಲಿ ‘ಸಮುದ್ರ ದರ್ಶನ, ಹತ್ತು ನಿಮಿಷ’ ಅಂತಿತ್ತು. ಓಡಿ ಓಡಿ ಬಂದರದ ಕಟ್ಟೆ ಮುಟ್ಟಿದೆವು. ಸಮುದ್ರವೇ ಇಲ್ಲ! ಕಣ್ಣು ಹಾಯುವತನಕ ಕೆಸರು, ಅದರಲ್ಲಿ ಮಗ್ಗುಲಾಗಿ ಮಲಗಿದ ದೋಣಿಗಳು, ದೂರದಲ್ಲಿ ಬಾಗಿ ಬಾಗಿ ಚಿಪ್ಪು ಆರಿಸುವ ಇಬ್ಬರು ಹೆಂಗಸರು. ಗಾಳಿ ಕೂಡ ಬೀಸುವುದನ್ನು ಮರೆತಂತಿತ್ತು. ನನಗಂತೂ ಯಾರದೋ ಕನಸಿನೊಳಗೆ ಕಾಲಿಟ್ಟ ಹಾಗಾಯಿತು.

ನಮ್ಮ ಮನೆಯವರು ಶೀಟು ನೋಡಿದರು, ಗಡಿಯಾರ ನೋಡಿದರು, ಕೆಸರು ನೋಡಿದರು. ಆಮೇಲೆ ಪ್ರವಾಸಿಗಳ ಕಚೇರಿಗೆ ಹೋಗಿ, ಸಮುದ್ರ ಎಷ್ಟು ಗಂಟೆಗೆ ಸಿಗುತ್ತದೆ ಅಂತ ಕೇಳಿಬಂದರು. ಇಳಿದ ನೀರು ತುಂಬಿ ಬರಲು ಇನ್ನೂ ಐದು ತಾಸು ಬೇಕಂತೆ.

“ಇಲ್ಲೇ ಕೂಡೋಣ ರೀ,” ಅಂದೆ ನಾನು. “ಅದು ನಿಧಾನಕ್ಕ ಬರೋದನ್ನ ನೋಡೋಣ. ನಾ ಕೇಳಿದ್ದು ಅಷ್ಟ ಅಲ್ಲೇನು?”

“ಐದು ತಾಸಿಗೆ ನಾಲ್ಕು ಹಳ್ಳಿ ಹೋಗ್ತಾವ!”

ಸಿಟ್ಟು ನೆತ್ತಿಗೇರಿತು. ಹೋಗಿ ಕಾರಿನಲ್ಲಿ ಕೂತೆ. ಇವರು ಬರಲಿಲ್ಲ. ಏನು ಮಾಡುತ್ತಿದ್ದಾರೆಂದು ಇಣುಕಿದರೆ, ಕಟ್ಟೆಯ ಮೇಲೆ ನಿಂತು ಪೆನ್ನು ತೆಗೆದು, ಸಮುದ್ರದ ಹೆಸರಿನ ಮುಂದೆ ‘ಗೈರುಹಾಜರು’ ಅಂತ ಬರೆಯುತ್ತಿದ್ದರು.

ಪಾಪ, ಪಲ್ಯ ಇಲ್ಲ

ಬ್ರಿಟನಿಯವರು ರಾಗಿಯಂಥ ಕಪ್ಪು ಹಿಟ್ಟಿನಲ್ಲಿ ತೆಳ್ಳಗೆ ದೋಸೆ ಹಾಕುತ್ತಾರೆ. ನಾಲ್ಕನೇ ದಿನ ಒಂದು ಹಳ್ಳಿಯ ಓಣಿಯಲ್ಲಿ ಅಂಥ ಅಂಗಡಿ ಸಿಕ್ಕಿತು. ಆಸ್ಟಿನ್‌ನಲ್ಲಿ ಓದುತ್ತಿರುವ ಮಗಳು ಫ್ರೆಂಚಿನಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದಳು, ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂತ. ಅಂಗಡಿಯಾಕೆ ಅದನ್ನು ಎರಡು ಸಲ ಓದಿ, ಮತ್ತೇನು ತಿನ್ನುತ್ತಾರೋ ಪಾಪ ಅನ್ನುವ ಮುಖ ಮಾಡಿದಳು.

ಅತ್ತೆಯವರು ಹಂಚಿನ ಮುಂದೆ ನಿಂತು, ಸೊಸೆ ನೋಡಲು ಬಂದವರ ಹಾಗೆ ಆಕೆಯ ಕೈಯನ್ನೇ ನೋಡಿದರು. ತಾಟಿಗೆ ಬಿದ್ದ ಕೂಡಲೇ ಚೀಲದಿಂದ ಡಬ್ಬಿ ತೆಗೆದು ಶೇಂಗಾ ಚಟ್ನಿಪುಡಿ ಹರಡಿ, ಸುರುಳಿ ಸುತ್ತಿ ತಿಂದರು. ಅಂಗಡಿಯಾಕೆ ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು. ಅತ್ತೆ ಸುಮ್ಮನಿರಬೇಕಲ್ಲ, ಆಕೆಯ ಅಂಗೈಗೂ ಒಂದು ಚಮಚ ಹಾಕಿದರು. ಬಾಯಿಗೆ ಹಾಕಿಕೊಂಡ ಆಕೆ ಕೆಮ್ಮಿದಳು, ಕಣ್ಣೊರೆಸಿಕೊಂಡಳು, ಒಳಗೆ ಓಡಿದಳು. ನಾನು ಹೆದರಿಬಿಟ್ಟೆ. ನೋಡಿದರೆ ಗಂಡನನ್ನು ಕರೆತಂದಿದ್ದಳು, ಅವನೂ ಅಂಗೈ ಚಾಚಿ ನಿಂತ.

ಹೊರಗೆ ಬಂದ ಮೇಲೆ ಅತ್ತೆಯವರು ಬಹಳ ಹೊತ್ತು ಮರುಗಿದರು. “ದೋಸೆ ಛಲೋ ಬರ್ತಾವ ಆಕೀಗೆ. ಪಲ್ಯ ಕಲಿಸೋರು ಮನಿಯಾಗ ಯಾರೂ ಇಲ್ಲ, ಪಾಪ.”

ನಾಲ್ಕರತನಕ

ಊಟಕ್ಕೆ ಹೋದ ಮನೆಗಳಲ್ಲಿ ಈ ಕಥೆಯೊಂದನ್ನು ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಉಳಿದರ್ಧ ಇವತ್ತೇ ಹೇಳುತ್ತಿರುವುದು.

ಆರನೇ ದಿನ, ಮೂವತ್ತನೇ ಹಳ್ಳಿ. ಅಲ್ಲಿಯವರೆಗೆ ಇಪ್ಪತ್ತೊಂಬತ್ತು ಹಳ್ಳಿ ನೋಡಿದ್ದೆ, ಒಂದರಲ್ಲೂ ಕೂತಿರಲಿಲ್ಲ. ಚಿಕ್ಕ ಚೌಕ, ಒಂದು ಬಾವಿ, ಬಾವಿಯ ಪಕ್ಕ ನೀಲಿ ಹೂವಿನ ಕುಂಡಗಳು, ನೆರಳಲ್ಲಿ ಒಂದು ಬೆಂಚು. ನಾಳೆ ವಿಮಾನ, ಇವರ ಕೈಯಲ್ಲಿ ಗಡಿಯಾರ.

“ಮೊದಲಿಗೆ ಚರ್ಚು, ಎಂಟು ನಿಮಿಷ,” ಅಂದರು.

ದೇವರ ಮನೆ ಅಂದ ಮೇಲೆ ನಮಗೆ ರೂಢಿ ಬಿಡಬೇಕಲ್ಲ, ಮೂವರೂ ಹೊಸ್ತಿಲ ಹೊರಗೇ ಕಾಲಿನದನ್ನು ಕಳಚಿಟ್ಟು ಒಳಗೆ ಹೋದೆವು. ಹಿಂದೆಯೇ ಒಂದು ಬಸ್ಸಿನ ತುಂಬ ಪ್ರವಾಸಿಗಳು ಬಂದರು. ನಮ್ಮ ಮೂರು ಜೋಡಿ ನೋಡಿ, ಇಲ್ಲಿಯ ನಿಯಮವೇ ಇದಿರಬೇಕು ಅಂದುಕೊಂಡರೋ ಏನೋ, ಅವರೂ ಸಾಲಾಗಿ ಬೂಟು ಬಿಚ್ಚಿದರು! ಚರ್ಚು ನೋಡಿಕೊಳ್ಳುವ ಮುದುಕಿ ಬಂದು, ಬಾಗಿಲ ತುಂಬ ಬಿದ್ದ ಮೂವತ್ತು ನಲವತ್ತು ಜೋಡಿ ಕಂಡು, ಗಲ್ಲಕ್ಕೆ ಕೈ ಹಚ್ಚಿ ನಿಂತುಬಿಟ್ಟಳು. ಆಮೇಲೆ ದಾರಿಗೆ ಅಡ್ಡ ಬಿದ್ದದ್ದನ್ನೆಲ್ಲ ಅತ್ತ ಇತ್ತ ಎತ್ತಿಡತೊಡಗಿದಳು.

ಅತ್ತೆಯವರು ಒಳಗಿನ ಎಲ್ಲ ಸಂತರಿಗೂ ಕೈ ಮುಗಿದು ನಾವು ಹೊರಬರುವಷ್ಟರಲ್ಲಿ ಬಸ್ಸು ಹೋಗಿತ್ತು. ನಮ್ಮಿಬ್ಬರ ಚಪ್ಪಲಿ ಇದ್ದವು. ಇವರ ಹೊಸ ಬಿಳಿ ಬೂಟು ಇಲ್ಲ!

“ಯಾರೋ ತಮ್ಮವಂತ ಹಾಕ್ಕೊಂಡು ಹೋಗ್ಯಾರ,” ಅಂದರು ಇವರು, ಬರೀ ಕಾಲುಚೀಲದಲ್ಲಿ ನಿಂತು.

“ಗುಡಿ ಬಾಗಿಲದಾಗ ಕಳೀತಂದ್ರ ಛಲೋನ ಆತು ತಗೋ,” ಅತ್ತೆಯವರಿಗೆ ಖುಷಿ. “ಶನಿ ಕಾಟ ಬಿಟ್ಟಂಗ.”

“ಹಂಗ ಗಾಡಿ ಓಡಸ್ರೀ,” ಅಂದೆ. ನನಗೆ ಗೇರಿನ ಗಾಡಿ ಬರುವುದಿಲ್ಲ.

“ಬರಿಗಾಲಾಗ? ಏನರ ಆದ್ರ ಇನ್ಶೂರೆನ್ಸ್‌ನವರು ಒಪ್ಪಂಗಿಲ್ಲ.”

ಚೌಕದ ಮೂಲೆಯಲ್ಲಿ ಒಂದು ಬೂಟಿನ ಅಂಗಡಿ ಇತ್ತು. ಊಟದ ಹೊತ್ತು, ಬಾಗಿಲು ಹಾಕಿತ್ತು. ಬೋರ್ಡಿನ ಮೇಲೆ ಗಡಿಯಾರದ ಚಿತ್ರ: ಮತ್ತೆ ತೆರೆಯುವುದು ನಾಲ್ಕು ಗಂಟೆಗೆ. ಆಗ ಒಂದೂಕಾಲು. ಇವರು ಬಂದು ಬೆಂಚಿನ ಮೇಲೆ ಕುಸಿದರು. ನಾನೂ ಪಕ್ಕದಲ್ಲಿ ಕೂತೆ.

ಕೂತು ಎರಡು ನಿಮಿಷ ಆಗಿರಲಿಕ್ಕಿಲ್ಲ. ಬಾವಿಯ ಪಕ್ಕದ ಕುಂಡಗಳ ಹಿಂದೆ, ನೀಲಿ ಹೂವಿನ ನಡುವೆ, ಬೆಳ್ಳಗೆ ಏನೋ ಕಂಡಿತು. ಬೂಟಿನ ಹಿಮ್ಮಡಿ. ಮುದುಕಿ ಜೋಪಾನ ಮಾಡಿ ಎತ್ತಿಟ್ಟಿದ್ದಳು!

ಹೇಳಬೇಕು. ಹೇಳಲೇಬೇಕು. ಬಾಯಿ ತೆರೆದೆ. ಹೇಳಿದರೆ ಐದು ನಿಮಿಷದಲ್ಲಿ ಕಾರು ಬಿಡುತ್ತದೆ. ಅಷ್ಟರಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಯವರನ್ನು ನೋಡಿದೆ. ಅವರೂ ಅಲ್ಲೇ ನೋಡುತ್ತಿದ್ದರು. ಆಮೇಲೆ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ನಿಧಾನವಾಗಿ ಮೊಣಕಾಲು ಹಿಡಿದು ಎದ್ದು, ಕುಂಟುತ್ತ ಚೌಕ ದಾಟಿ, ಬಾವಿಯ ಕಟ್ಟೆಗೆ ಹೋಗಿ ಆ ಕುಂಡಗಳ ಮುಂದೆಯೇ ಕೂತರು. ಸೀರೆಯ ನೆರಿಗೆಯನ್ನು ಈ ಕಡೆ ಇಷ್ಟು, ಆ ಕಡೆ ಇಷ್ಟು ಅಗಲ ಹರಡಿಕೊಂಡರು.

ನಾನು ಬಾಯಿ ಮುಚ್ಚಿದೆ.

ಬಿಸಿಲು ಕಲ್ಲಿನ ಗೋಡೆಯ ಮೇಲೆ ಒಂದೊಂದೇ ಇಂಚು ಸರಿಯಿತು. ಎಲ್ಲೋ ಒಂದು ಕಿಟಕಿ ತೆರೆದುಕೊಂಡಿತು, ಯಾರೋ ತಾಟು ತೊಳೆಯುವ ಸಪ್ಪಳ. ಒಂದು ಬೆಕ್ಕು ಬಂದು ಇವರ ಕಾಲುಚೀಲ ಮೂಸಿ ಹೋಯಿತು. ಗಾಳಿಯಲ್ಲಿ ಉಪ್ಪಿನ ವಾಸನೆ ಇತ್ತು. ಗಂಟೆ ಎರಡು ಸಲ ಬಾರಿಸಿತು, ಇವರು ಕೈಗಡಿಯಾರ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಹೆಗಲಿಗೆ ತಲೆ ಆನಿಸಿದರು. ನನಗೆ ಸುಮ್ಮಸುಮ್ಮನೆ ಕಣ್ಣು ತುಂಬಿ ಬಂದವು. ಇಷ್ಟೇ ಬೇಕಿತ್ತು, ಬೇರೆ ಏನೂ ಬೇಕಿರಲಿಲ್ಲ.

ಅರೆನಿದ್ದೆಯಲ್ಲೇ ಇವರು ಕೂಗಿದರು, “ಅವ್ವಾ, ಆ ಬಿಸಿಲಾಗ ಕಲ್ಲಿನ ಮ್ಯಾಲೆ ಯಾಕ ಕೂತಿ? ಇಲ್ಲೇ ಬೆಂಚು ಖಾಲಿ ಅದ, ಬಾ.”

“ನನಗ ಇಲ್ಲೇ ಆರಾಮ ಅದಪಾ,” ಅಂದರು ಅತ್ತೆಯವರು, ನೆರಿಗೆಯನ್ನು ಇನ್ನಷ್ಟು ಹರಡಿಕೊಳ್ಳುತ್ತ. “ನಾಲ್ಕರತನಕ ನಾ ಏಳಂಗಿಲ್ಲ.”