ಸೊನ್ನೆ ಸ್ಕಾಲರ್‌ಷಿಪ್ಪಿನ ಹುಡುಗಿ

ಕಾಲ್ಡರ್ ಬೆಂಡ್ ಹೈಸ್ಕೂಲಿನಲ್ಲಿ ಪ್ರತಿಭೆ ಇಲ್ಲದ ವಿದ್ಯಾರ್ಥಿಗಳಿಲ್ಲ. ಇದು ನಮ್ಮ ಜಂಬವಲ್ಲ, ಓಹಾಯೋ ರಾಜ್ಯದ ಖಾಸಗಿ ಕಾಲೇಜುಗಳು ಕೂಲಂಕಷವಾಗಿ ಪರಿಶೀಲಿಸಿ ಕೊಟ್ಟಿರುವ ತೀರ್ಪು. ವರ್ಷ ವರ್ಷವೂ ಪದವಿ ಸಮಾರಂಭದಲ್ಲಿ ಒಬ್ಬೊಬ್ಬರ ಹೆಸರಿನ ಜೊತೆಗೆ ಯಾವ ಯಾವ ಕಾಲೇಜು ಎಷ್ಟು ಮೆರಿಟ್ ಸ್ಕಾಲರ್‌ಷಿಪ್ ಕೊಡಲು ಮುಂದೆ ಬಂದಿದೆ ಎಂಬುದನ್ನು ಮೈಕಿನಲ್ಲಿ ಓದುತ್ತಾರೆ. ಸೇರುವ ಕಾಲೇಜಿನದು ಮಾತ್ರವಲ್ಲ, ಸೇರದ ಕಾಲೇಜುಗಳದ್ದೂ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಎಲ್ಲವನ್ನೂ ಕೂಡಿಸಿ, ಬಂದ ಮೊತ್ತವನ್ನು ಬ್ಯಾನರ್ ಮಾಡಿಸಿ ಬ್ಯಾಸ್ಕೆಟ್‌ಬಾಲ್ ಅಂಗಳದ ಗೋಡೆಗೆ ಕಟ್ಟುತ್ತಾರೆ. ಹೋದ ವರ್ಷದ ಮೊತ್ತಕ್ಕೆ ನಮ್ಮ ಇಡೀ ಊರನ್ನು ಬೆಂಕಿ ಆರಿಸುವ ಗಾಡಿಯ ಸಮೇತ ಕೊಳ್ಳಬಹುದಿತ್ತು. ಆ ಹಣವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಬ್ಯಾನರನ್ನು ಎಲ್ಲರೂ ಕಂಡಿದ್ದೇವೆ.

ಇಂಥ ಶಾಲೆಯಲ್ಲಿ ಈ ವರ್ಷ ಒಂದು ಅವಘಡ ನಡೆಯುವುದರಲ್ಲಿತ್ತು. ಅದಕ್ಕೆ ಕಾರಣ ನನ್ನ ತಂಗಿ ಕೊರಿನ್.

ಕೊರಿನ್ ತರಗತಿಗೇ ಮೊದಲು. ಅವಳಿಗೆ ಡಾಕ್ಟರ್ ಆಗಬೇಕು. ಊರಿನ ಕೊನೆಯ ಡಾಕ್ಟರು ಫ್ಲಾರಿಡಾ ಸೇರಿ, ಅವರ ಕ್ಲಿನಿಕ್ಕು ನಾಯಿಗಳಿಗೆ ಕ್ಷೌರ ಮಾಡುವ ಅಂಗಡಿಯಾದ ಮೇಲೆ ಈ ಹಟ ಇನ್ನಷ್ಟು ಗಟ್ಟಿಯಾಯಿತು. ನಮ್ಮಲ್ಲಿ ಡಾಕ್ಟರ್ ಆಗಬೇಕಾದವರು ಮೊದಲು ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ ಸಣ್ಣ ಸಾಲ ಮಾಡಿಕೊಳ್ಳಬೇಕು. ಆಮೇಲೆ ವೈದ್ಯಕೀಯ ಕಾಲೇಜಿನ ಬಾಗಿಲು ತಟ್ಟಿ ದೊಡ್ಡ ಸಾಲಕ್ಕೆ ಅರ್ಹತೆ ಪಡೆಯಬೇಕು. ಮೊದಲಿನ ನಾಲ್ಕು ವರ್ಷಕ್ಕೆ ಪ್ರೀ-ಮೆಡ್ ಎಂದು ಹೆಸರು. ಸಣ್ಣ ಸಾಲವನ್ನು ತಪ್ಪಿಸಿಕೊಂಡರೆ ದೊಡ್ಡದನ್ನು ಹೇಗಾದರೂ ಹೊರಬಹುದು ಎಂಬುದು ಕೊರಿನ್ ಯೋಚನೆ. ಹಾಗಾಗಿ ಅವಳು ನದಿಯಾಚೆಯ ಸರಕಾರಿ ಕಾಲೇಜಿಗೆ ಅರ್ಜಿ ಹಾಕಿದಳು. ಮನೆಯಿಂದಲೇ ಓಡಾಡಬಹುದು. ವೃದ್ಧಾಶ್ರಮದ ಅಡಿಗೆಮನೆಯಲ್ಲಿ ಅಮ್ಮ ದುಡಿಯುವ ಸಂಬಳಕ್ಕೆ ಅಲ್ಲಿನ ಫೀಸು ಎಟಕುತ್ತಿತ್ತು. ಸೀಟೂ ಸಿಕ್ಕಿತು. ಆದರೆ ಫೀಸೇ ಅಷ್ಟು ಕಡಿಮೆಯಿರುವ ಕಾಲೇಜು ಅದರಲ್ಲಿ ರಿಯಾಯಿತಿ ಅಂತ ಬಿಡುವುದೇನನ್ನು? ಸ್ಕಾಲರ್‌ಷಿಪ್ ಸೊನ್ನೆ.

ಶಾಲೆಯಲ್ಲಿ ಮಕ್ಕಳಿಗೆ ಕಾಲೇಜು ಹುಡುಕಿಕೊಡುವ ಸಲಹೆಗಾರರು ಮಿಸ್ಟರ್ ಫೆಂಡ್ರಿಕ್. ವಿಷಯ ತಿಳಿದ ಕೂಡಲೇ ಅವರು ನಮ್ಮನ್ನೆಲ್ಲ ಕರೆಸಿದರು. ನಾನು ಎರಡು ವರ್ಷದ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಹೋದೆ.

"ಸೊನ್ನೆ ಅಂದ್ರೆ ಏನಮ್ಮಾ ಅರ್ಥ?" ಎಂದು ಅವರು ಕೊರಿನ್‌ಳನ್ನು ಕೇಳಿದರು.

"ಸೊನ್ನೆ ಅಂದ್ರೆ ಸೊನ್ನೆ ಸಾರ್. ಅವರ ಫೀಸೇ ಕಮ್ಮಿ."

"ಮೊದಲನೇ ಸ್ಥಾನದ ಹುಡುಗಿ ಹೆಸರು ಕರೆದು, ಮೈಕಲ್ಲಿ ಸೊನ್ನೆ ಅಂತ ಓದ್ಲಾ ನಾನು? ಡಸ್ಟಿ ಕ್ರಮ್‌ಗೇ ಇಪ್ಪತ್ತೆಂಟು ಸಾವಿರ ಡಾಲರ್ ಬಂದಿದೆ. ಕೆಮಿಸ್ಟ್ರಿ ಲ್ಯಾಬಿಗೆ ಬೆಂಕಿ ಹಚ್ಚಿದ ಹುಡುಗ ಅವನು!"

"ಅದಕ್ಕೂ ಸ್ಕಾಲರ್‌ಷಿಪ್ ಇದ್ಯಾ?" ಎಂದೆ ನಾನು.

"ಧೈರ್ಯವಾಗಿ ಹೊಸದನ್ನ ಪ್ರಯತ್ನಿಸೋರಿಗೆ ಅಂತ ಬೇರೆ ಒಂದಿದೆ."

ಅಮ್ಮ ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಹೇಳಿದಳು: "ನಾವು ಕಟ್ಟೋದು ಕಮ್ಮಿ ಆದ್ರೆ ಸಾಕು, ಮಿಸ್ಟರ್ ಫೆಂಡ್ರಿಕ್."

"ಮಿಸೆಸ್ ಸ್ಟಾಂಬೋ, ಕಟ್ಟೋದನ್ನ ಯಾರೂ ಮೈಕಲ್ಲಿ ಓದಲ್ಲ."

ಶಾಲೆಯ ಮಾನದ ಪ್ರಶ್ನೆಯಾದ್ದರಿಂದ ನಾವು ಲಾರ್ಕ್‌ಮೂರ್ ಕಾಲೇಜನ್ನು ನೋಡಲು ಹೋದೆವು. ಅದು ಪ್ರೀ-ಮೆಡ್‌ಗೆ ಹೆಸರಾದ ಖಾಸಗಿ ಕಾಲೇಜು. ಬಂದವರಿಗೆ ಕಾಲೇಜು ತೋರಿಸುವ ಹುಡುಗಿ ಹಿಂದುಹಿಂದಕ್ಕೆ ನಡೆಯುತ್ತಾ, ನಮ್ಮ ಮುಖ ನೋಡುತ್ತಾ ಮಾತಾಡಿದಳು. ಗೋಡೆ ಹತ್ತುವ ಕೋಣೆ, ಪರೀಕ್ಷೆಯ ವಾರದಲ್ಲಿ ಮಕ್ಕಳ ಸಮಾಧಾನಕ್ಕೆ ಮೇಕೆಮರಿಗಳನ್ನು ಬಿಡುವ ಹುಲ್ಲುಹಾಸು, ದಿನವಿಡೀ ತೆರೆದಿರುವ ಐಸ್‌ಕ್ರೀಮ್ ಕೋಣೆ, ಎಲ್ಲವನ್ನೂ ತೋರಿಸಿದಳು. ತರಗತಿಯ ಕೋಣೆ ತೋರಿಸಲು ಹೊತ್ತು ಸಾಲಲಿಲ್ಲ.

ಪ್ರವೇಶಾಧಿಕಾರಿ ಮಿಸ್ ಬ್ರೆನ್ನೆಕೆ ನಮ್ಮನ್ನು ಮೆತ್ತನೆಯ ಕುರ್ಚಿಗಳಲ್ಲಿ ಕೂರಿಸಿದರು. ಫೀಸು ಎಷ್ಟು ಎಂದು ಅಮ್ಮ ಕೇಳಿದಳು. ಅವರು ಹೇಳಿದರು. ಅಮ್ಮ ಕೂತಲ್ಲೇ ಕುರ್ಚಿಯ ಕೈ ಹಿಡಿದುಕೊಂಡಳು.

"ಗಾಬರಿ ಆಗ್ಬೇಡಿ," ಎಂದರು ಮಿಸ್ ಬ್ರೆನ್ನೆಕೆ. "ಅಷ್ಟನ್ನ ಯಾರೂ ಕಟ್ಟಲ್ಲ."

"ಯಾರೂ ಕಟ್ಟದೇ ಇದ್ರೆ ಅಷ್ಟು ಯಾಕಿಟ್ಟಿದೀರಿ?"

"ಅಷ್ಟು ಇಡದೇ ಇದ್ರೆ ಸ್ಕಾಲರ್‌ಷಿಪ್ ಯಾವುದರಲ್ಲಿ ಕೊಡೋದು ಹೇಳಿ?"

ಅಧ್ಯಕ್ಷರ ವಿಶೇಷ ಮೆರಿಟ್ ಸ್ಕಾಲರ್‌ಷಿಪ್ ಅಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಸಿಗುತ್ತದಂತೆ. ಸಿಗದವರು ಯಾರೂ ಇಲ್ಲವೇ ಎಂದು ಕೊರಿನ್ ಕೇಳಿದಳು.

"ಒಬ್ಬ ಇದ್ದ. ಸ್ಕಾಲರ್‌ಷಿಪ್ಪಿಗೆ ಅರ್ಜಿ ಹಾಕೋದು ಮರೆತು ಪೂರ್ತಿ ಫೀಸು ಕಟ್ಟಿಬಿಟ್ಟ. ಲೈಬ್ರರಿಗೆ ಅವನ ಹೆಸರು ಇಟ್ಟಿದೀವಿ." ಆಮೇಲೆ ಅವರು ನನ್ನ ಕಡೆ ತಿರುಗಿದರು. "ನೀವು ಎಲ್ಲಿ ಓದಿದ್ದು?"

"ನಾನು ಹತ್ತಕ್ಕೇ ಬಿಟ್ಟೆ."

"ಹಾಗಿದ್ರೆ ನಿಮಗೂ ಒಂದಿದೆ. ಮರಳಿ ಬಂದವರ ಸ್ಕಾಲರ್‌ಷಿಪ್."

"ನಾನು ಮರಳಿ ಬಂದಿಲ್ವಲ್ಲ ಮೇಡಂ. ಮಗುಗೆ ಬಾತ್‌ರೂಮ್ ಎಲ್ಲಿದೆ ಅಂತ ಕೇಳೋಕೆ ಒಳಗೆ ಬಂದೆ."

"ಬಾಗಿಲು ದಾಟಿ ಬಂದಿದೀರಲ್ಲ," ಎಂದು ಅವರು ಬರೆದುಕೊಂಡೇಬಿಟ್ಟರು.

ಆಮೇಲೆ ಪ್ರೀ-ಮೆಡ್ ಮಾರ್ಗದರ್ಶಕರಾದ ಡಾಕ್ಟರ್ ವೆಲ್ಡ್‌ಕ್ಯಾಂಪ್ ಅವರ ಭೇಟಿಯಾಯಿತು. ಅವರು ರೋಗಿಗಳ ಡಾಕ್ಟರಲ್ಲ, ಕಪ್ಪೆಚಿಪ್ಪುಗಳ ಮೇಲೆ ಪಿಎಚ್‌ಡಿ ಮಾಡಿದ ಡಾಕ್ಟರು. ಲಾರ್ಕ್‌ಮೂರ್‌ನಿಂದ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದವರಲ್ಲಿ ನೂರಕ್ಕೆ ತೊಂಬತ್ತಾರು ಮಂದಿ ಆಯ್ಕೆಯಾಗಿದ್ದಾರೆ ಎಂದು ತಿಳಿಸಿದರು. ಕೊರಿನ್ ಮುಖ ಅರಳಿತು.

"ಮೊದಲನೇ ವರ್ಷ ಎಷ್ಟು ಜನ ಸೇರ್ತಾರೆ ಸಾರ್?"

"ತುಂಬಾ ಜನ."

"ಅರ್ಜಿ ಹಾಕೋ ಹೊತ್ತಿಗೆ?"

"ಕಾಲೇಜಿನ ಶಿಫಾರಸು ಇಲ್ಲದೆ ಅರ್ಜಿ ಹಾಕೋದು ಕಷ್ಟ. ಸಿಕ್ಕೇ ಸಿಗುತ್ತೆ ಅಂತ ಇರೋರಿಗೆ ಮಾತ್ರ ನಾವು ಶಿಫಾರಸು ಕೊಡ್ತೀವಿ. ಉಳಿದವರು ತಮ್ಮ ನಿಜವಾದ ಆಸಕ್ತಿ ಬೇರೆ ಅಂತ ಅರ್ಥ ಮಾಡ್ಕೊಳ್ತಾರೆ. ಅರ್ಥ ಆಗದೇ ಇದ್ದವರಿಗೆ ನಾನು ಅರ್ಥ ಮಾಡಿಸ್ತೀನಿ. ಒಂದು ವರ್ಷ ಒಬ್ಬಳನ್ನೇ ಕಳಿಸಿದ್ವಿ. ಆ ವರ್ಷ ನೂರಕ್ಕೆ ನೂರು."

"ಯಾರನ್ನೂ ಕಳಿಸದೇ ಇದ್ರೆ ಒಬ್ರೂ ಫೇಲಾಗಲ್ಲ ಅಲ್ವಾ?" ಎಂದೆ ನಾನು, ಮಗಳ ಬಾಯಿಂದ ಅವರ ಕಪ್ಪೆಚಿಪ್ಪನ್ನು ಬಿಡಿಸುತ್ತಾ.

"ಅದನ್ನ ಸಮಿತಿ ಪರಿಶೀಲಿಸ್ತಿದೆ," ಎಂದರು ಡಾಕ್ಟರ್ ವೆಲ್ಡ್‌ಕ್ಯಾಂಪ್.

ಕೊರಿನ್ ಹಾಕಿದ ಅರ್ಜಿಗೆ ಸ್ವಲ್ಪ ದಿನದಲ್ಲಿ ಲಾರ್ಕ್‌ಮೂರ್‌ನ ತೀರ್ಮಾನ ಬಂತು. ಕೊರಿನ್‌ಳಿಗೆ ಭಾರಿ ಸ್ಕಾಲರ್‌ಷಿಪ್. ಅದನ್ನು ಕಳೆದ ಮೇಲೆ ಉಳಿದ ಫೀಸು ನದಿಯಾಚೆಯ ಕಾಲೇಜಿನ ಪೂರ್ತಿ ಫೀಸಿನ ಮೂರರಷ್ಟಿತ್ತು. ಕೊರಿನ್ ಫೋನ್ ಮಾಡಿ, ಇನ್ನಷ್ಟು ಸಹಾಯ ಮಾಡಲಾಗುತ್ತದೆಯೇ ಎಂದು ಕೇಳಿದಳು.

"ಖಂಡಿತ," ಎಂದರು ಮಿಸ್ ಬ್ರೆನ್ನೆಕೆ. "ಬರೋ ವರ್ಷ ಫೀಸು ಐದು ಸಾವಿರ ಏರಿಸ್ತಿದೀವಿ. ಆ ಐದು ಸಾವಿರಾನೂ ನಿನ್ನ ಸ್ಕಾಲರ್‌ಷಿಪ್ಪಿಗೇ ಸೇರಿಸ್ತೀನಿ."

"ನಾನು ಕಟ್ಟೋದು?"

"ಅದು ಹಾಗೇ ಇರುತ್ತೆ. ಅದನ್ನ ಮುಟ್ಟೋ ಅಧಿಕಾರ ನಮಗಿಲ್ಲ, ಚಿನ್ನಾ."

ಈ ಸುದ್ದಿ ಕೇಳಿ ಮಿಸ್ಟರ್ ಫೆಂಡ್ರಿಕ್ ಆನಂದಬಾಷ್ಪ ಸುರಿಸಿದರು. ಇಡೀ ಕೌಂಟಿಯಲ್ಲೇ ಅಷ್ಟು ದೊಡ್ಡ ಸ್ಕಾಲರ್‌ಷಿಪ್ ಯಾರಿಗೂ ಬಂದಿರಲಿಲ್ಲ. ಆದರೆ ಕೊರಿನ್ ಇದನ್ನು ಗೌರವದಿಂದ ನಿರಾಕರಿಸಿ, ನದಿಯಾಚೆಯ ಕಾಲೇಜಿಗೇ ಸೇರುವುದಾಗಿ ಘೋಷಿಸಿದಳು. ಲಾರ್ಕ್‌ಮೂರ್‌ನದನ್ನೂ ಮೈಕಿನಲ್ಲಿ ಓದಬಹುದಲ್ಲ ಎಂದು ಸಮಾಧಾನ ಮಾಡಿದರೆ ಫೆಂಡ್ರಿಕ್ ಆಗದು ಎಂದು ತಲೆಯಾಡಿಸಿದರು. ಪ್ರಥಮ ಸ್ಥಾನದವರಿಗೆ ನಿಯಮ ಬೇರೆಯಂತೆ. ಅವರು ಸೇರುವ ಕಾಲೇಜಿನದನ್ನು ಪ್ರತ್ಯೇಕವಾಗಿ ಓದಿದಾಗ ಸಭೆ ಎದ್ದು ನಿಲ್ಲಬೇಕು. ಸೊನ್ನೆಗೆ ಎದ್ದು ನಿಲ್ಲಿ ಎಂದು ಸಭೆಯನ್ನು ಕೇಳುವುದು ಹೇಗೆ?

ವಿಷಯ ಊರಲ್ಲಿ ಹರಡಿತು. ಚರ್ಚಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಮ್ಮನ ಭುಜ ಮುಟ್ಟಿ ಹೋದರು. ಅಪ್ಪ ಮನೆ ಬಿಟ್ಟು ಹೋದಾಗಲೂ ಇಷ್ಟು ಜನ ಮುಟ್ಟಿರಲಿಲ್ಲ.

"ಎಷ್ಟು ಬುದ್ಧಿವಂತೆ ಹುಡುಗಿ, ಪಾಪ," ಎಂದಳು ನಮ್ಮ ನೆರೆಮನೆಯ ಗ್ಲೆನ್ನಾ. "ಎಲ್ಲಿ ಎಡವಿದ್ದು?"

"ಎಡವಿಲ್ಲ ಗ್ಲೆನ್ನಾ, ಕಮ್ಮಿ ಫೀಸು ಅಂತ..."

"ನಮ್ಮ ಹತ್ರ ಮುಚ್ಚಿಡಬೇಡ. ನಾವೆಲ್ಲ ಇದೀವಿ."

ಮನೆಗೆ ಬರುವ ದಾರಿಯಲ್ಲಿ ಅಮ್ಮ ಕಾರಿನಲ್ಲಿ, "ಒಂದು ಐನೂರಾದ್ರೂ ಕೊಡೋಕೆ ಆಗ್ತಿರಲಿಲ್ವಾ ಅವರಿಗೆ?" ಎಂದಳು. ಕೊರಿನ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮಿಸ್ಟರ್ ಫೆಂಡ್ರಿಕ್ ಮಾತ್ರ ಕೈಕಟ್ಟಿ ಕೂರುವವರಲ್ಲ. ಅವರು ನದಿಯಾಚೆಯ ಕಾಲೇಜಿನ ಡೀನ್‌ಗೆ ಫೋನ್ ಮಾಡಿ, ಲಾರ್ಕ್‌ಮೂರ್‌ನಲ್ಲಿ ಬಳಸುವ ವಿಧಾನವನ್ನು ವಿವರಿಸಿದರು. ಡೀನ್ ಅದನ್ನು ಎರಡು ಸಲ ಹೇಳಿಸಿಕೊಂಡರಂತೆ. ಮೊದಲನೇ ಸಲ ಅರ್ಥವಾಗಲಿಲ್ಲ, ಎರಡನೇ ಸಲ ಸಂತೋಷಕ್ಕೆ. ಮುಂದಿನ ವಾರವೇ ಪ್ರಕಟಣೆ ಹೊರಬಿತ್ತು:

"ನಮ್ಮ ಕಾಲೇಜಿನ ಶುಲ್ಕವು ಕಡಿಮೆಯಿರುವ ಕಾರಣ ವಿದ್ಯಾರ್ಥಿಗಳ ಪ್ರತಿಭೆಗೆ ಧಕ್ಕೆಯುಂಟಾಗುತ್ತಿರುವುದು ಆಡಳಿತ ಮಂಡಳಿಯ ಗಮನಕ್ಕೆ ಬಂದಿರುತ್ತದೆ. ಸದರಿ ಅನ್ಯಾಯವನ್ನು ಸರಿಪಡಿಸುವ ಸಲುವಾಗಿ ಶುಲ್ಕವನ್ನು ನಾಲ್ಕು ಪಟ್ಟು ಏರಿಸಲಾಗಿದೆ. ಏರಿಸಿದ ಭಾಗವನ್ನು ಮೆರಿಟ್ ಸ್ಕಾಲರ್‌ಷಿಪ್ ರೂಪದಲ್ಲಿ ಹಿಂತಿರುಗಿಸಲಾಗುವುದು. ಪ್ರತಿಭೆಯನ್ನು ಗುರುತಿಸಲು ತಗಲುವ ವೆಚ್ಚವನ್ನು ಪ್ರತಿಭಾವಂತರೇ ಭರಿಸತಕ್ಕದ್ದು. ಯಾವುದೇ ವಿಷಯದಲ್ಲಿ ಅಂಕಗಳು ಇಳಿದಲ್ಲಿ ಪ್ರತಿಭೆಯು ಆ ದಿನದಿಂದಲೇ ರದ್ದಾಗುವುದು."

ಪ್ರತಿಭೆ ಗುರುತಿಸುವ ವೆಚ್ಚಕ್ಕಾಗಿ ಅಮ್ಮ ಭಾನುವಾರದ ಪಾಳಿಯನ್ನೂ ಒಪ್ಪಿಕೊಂಡಳು. ಮೊದಲು ಕೈಗೆ ಎಟಕುತ್ತಿದ್ದ ಕಾಲೇಜು ಈಗ ತುದಿಗಾಲಲ್ಲಿ ನಿಂತರೆ ಎಟಕುತ್ತದೆ. ಕೊರಿನ್ ಈಗಿನಿಂದಲೇ ಕೆಮಿಸ್ಟ್ರಿ ಓದುತ್ತಿದ್ದಾಳೆ. ಪ್ರತಿಭೆ ರದ್ದಾದರೆ ನಾಲ್ಕು ಪಟ್ಟು ಕಟ್ಟಬೇಕಲ್ಲ.

ಸಮಾರಂಭ ಬಹಳ ಚೆನ್ನಾಗಿ ನಡೆಯಿತು. ಕೊರಿನ್‌ಳ ಮೊತ್ತವನ್ನು ಓದಿದಾಗ ಸಭೆ ಎದ್ದು ನಿಂತಿತು. ಅಮ್ಮ ಎಲ್ಲರಿಗಿಂತ ಮೊದಲು ಎದ್ದಳು. ಚಪ್ಪಾಳೆ ನಿಂತ ಮೇಲೂ ಅವಳು ತಟ್ಟುತ್ತಲೇ ಇದ್ದಳು.

ಹೊರಗೆ ಪಾರ್ಕಿಂಗ್ ಜಾಗದಲ್ಲಿ ಗ್ಲೆನ್ನಾ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದಳು. ಅವಳ ಮೊಮ್ಮಗ ವೇಡ್ ಪ್ಲಂಬರ್ ಕೆಲಸ ಕಲಿಯಲು ಹೋಗುತ್ತಿದ್ದಾನೆ. ಅಲ್ಲಿ ಕಲಿಯುವವರಿಗೇ ಮೊದಲ ದಿನದಿಂದ ಸಂಬಳ ಕೊಡುತ್ತಾರೆ. ಮೈಕಿನಲ್ಲಿ ಅವನ ಹೆಸರಿನ ಮುಂದೆ ಏನೂ ಓದಲಿಲ್ಲ.

ಅಮ್ಮ ಹೋಗಿ ಅವಳ ಭುಜ ಮುಟ್ಟಿದಳು. "ಬೇಜಾರ್ ಮಾಡ್ಕೋಬೇಡ ಗ್ಲೆನ್ನಾ. ಎಲ್ಲ ಮಕ್ಕಳೂ ಒಂದೇ ಥರ ಇರಲ್ಲ."

"ಕೆಲಸ ಕಲಿಸೋ ಯಜಮಾನರ ಹತ್ರ ಮಾತಾಡಿದೀನಿ ಕಣೆ," ಎಂದು ಗ್ಲೆನ್ನಾ ಮೂಗು ಒರೆಸಿಕೊಂಡಳು. "ಇವನ ಸಂಬಳ ನಿಲ್ಲಿಸಿ ಫೀಸು ಹಾಕೋಕೆ ಒಪ್ಪಿದಾರೆ. ಆಮೇಲೆ ಅದರಲ್ಲೇ ಏನಾದ್ರೂ ಸ್ಕಾಲರ್‌ಷಿಪ್ ಅಂತ ಬಿಡ್ತಾರಂತೆ."

"ನೋಡಿದ್ಯಾ! ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಿರಲಿಲ್ವಾ?"

ಇಬ್ಬರೂ ತಬ್ಬಿಕೊಂಡರು. ಆಮೇಲೆ ಅಮ್ಮ ಗಡಿಯಾರ ನೋಡಿ, ಹಬ್ಬದ ಉಡುಪಿನ ಮೇಲೆಯೇ ಅಡಿಗೆಮನೆಯ ಏಪ್ರನ್ ಕಟ್ಟಿಕೊಳ್ಳುತ್ತಾ ಕಾರಿನ ಕಡೆ ಓಡಿದಳು. ಅಂದು ಭಾನುವಾರ. ಆ ಪಾಳಿ ಕೊರಿನ್‌ಳ ಪ್ರತಿಭೆಯದು.