ಉಳ್ಳಾಗಡ್ಡಿ ಒಯ್ದ ವೀರ

ನಮ್ಮ ಸೋದರಮಾವ ವಾಯುಸೇನೆಯಿಂದ ನಿವೃತ್ತರಾಗಿ ಸಿಂಧನೂರಿಗೆ ಬಂದು ಎಷ್ಟೋ ವರ್ಷಗಳಾದವು. ಸಾಮಾನೆಲ್ಲ ಅಂದೇ ಲಾರಿಯಿಂದ ಇಳಿದವು, ಅತ್ತೆಯೂ ಇಳಿದರು. ಮಾವ ಮಾತ್ರ ಇನ್ನೂ ಆಕಾಶದಿಂದ ಕೆಳಗಿಳಿದಿಲ್ಲ!

ನಂಬಿಕೆ ಬರಲಿಲ್ಲವೇ? ಹಾಗಾದರೆ ಬಸ್ ನಿಲ್ದಾಣಕ್ಕೆ ಬನ್ನಿ. ಲಿಂಗಸುಗೂರಿನ ಬಸ್ಸು ಹತ್ತುವ ಮೊದಲು ಮಾವ ಅದಕ್ಕೊಂದು ಪ್ರದಕ್ಷಿಣೆ ಹಾಕುತ್ತಾರೆ. ಟಯರು ಒತ್ತುತ್ತಾರೆ, ಬಗ್ಗಿ ಎಣ್ಣೆ ಸೋರುತ್ತಿದೆಯೇ ನೋಡುತ್ತಾರೆ, ಕಡೆಗೆ ಡ್ರೈವರನ ಕಿಟಕಿಯ ಕೆಳಗೆ ನಿಂತು, "ನಿನ್ನೆ ಎಷ್ಟು ತಾಸು ನಿದ್ದಿ ಮಾಡೀಯಪಾ?" ಎಂದು ವಿಚಾರಣೆ ಮಾಡುತ್ತಾರೆ. ಒಬ್ಬ ಡ್ರೈವರು ಕೈಮುಗಿದೇ ಕೇಳಿದ: "ಯಜಮಾನ್ರ, ನೀವು ಬಸ್ಸು ಹತ್ತಾಕ ಬಂದೀರೋ, ಖರೀದಿ ಮಾಡಾಕ ಬಂದೀರೋ?"

ಮನೆಯಲ್ಲೂ ಅದೇ ಕಥೆ. ಮಾಳಿಗೆಯ ಮೇಲೆ ಒಣಹಾಕಿದ ಅತ್ತೆಯ ಸೀರೆಯೇ ಅವರಿಗೆ ಗಾಳಿಯ ದಿಕ್ಕು ತೋರಿಸುವ ಬಾವುಟ. "ಸೀರಿ ಒಣಗಿ ಹಪ್ಪಳ ಆಗೇತ್ರೀ!" ಎಂದು ಅತ್ತೆ ಕೆಳಗಿನಿಂದ ಕೂಗಿದರೆ, "ತಡಿ, ಗಾಳಿ ಇನ್ನೂ ತಿರಗಾಕತ್ತೈತಿ!" ಎಂದು ಮೇಲಿನಿಂದ ಆಜ್ಞೆ. ನಮ್ಮ ಮಾಳಿಗೆಯ ಮೇಲೆ ಯಾವ ವಿಮಾನ ಇಳಿಯುವುದಿತ್ತೋ ದೇವರೇ ಬಲ್ಲ!

ಯುದ್ಧದಲ್ಲಿ ಮಾವನಿಗೆ ಪದಕ ಬಂದದ್ದು ಮಾತ್ರ ನಿಜ. ಆದರೆ ಅದರ ಕಥೆ ಸನ್ಮಾನ ಸಭೆಗಳ ಕೈಗೆ ಸಿಕ್ಕು ಕೊಬ್ಬಿತು. ಸಿಂಧನೂರಿನ ಅಧ್ಯಕ್ಷರ ಭಾಷಣದಲ್ಲಿ ಮಾವ ವೈರಿಗಳ ಎರಡು ವಿಮಾನ ಕೆಡವಿದರು. ಮಸ್ಕಿ ಮುಟ್ಟುವಷ್ಟರಲ್ಲಿ ಐದಾಯಿತು. ಲಿಂಗಸುಗೂರಿನವರು ದಪ್ಪನೆಯ ಶಾಲು ತಂದಿದ್ದರಲ್ಲ, ಅಲ್ಲಿ ಒಂಬತ್ತು ಬಿದ್ದವು!

ಅಲ್ಲೇ ಮಾವ ಮೈಕು ಹಿಡಿದರು. "ನಾ ಒಂದೂ ಕೆಡವಿಲ್ರಿ. ನಂದು ಸಾಮಾನು ಹೊರೂ ಇಮಾನ, ಅದಕ್ಕ ಬಂದೂಕನ ಇದ್ದಿದ್ದಿಲ್ಲ. ಹೋಗೂವಾಗ ಅಕ್ಕಿ, ಬ್ಯಾಳಿ, ಉಳ್ಳಾಗಡ್ಡಿ ಒಯ್ದೆ. ಬರೂವಾಗ ಗಾಯ ಆದ ಹುಡುಗರನ್ನ ತಂದೆ. ರೆಕ್ಕಿ ತೂತು ಬಿದ್ದಿತ್ತು, ಹೆಂಗೋ ಇಳಿಸಿದೆ. ಅಷ್ಟ."

ಸಭೆ ತಣ್ಣಗಾಯಿತು. ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಉಸುರಿದ್ದು ಮೈಕಿಗೂ ಕೇಳಿಸಿತು: "ಉಳ್ಳಾಗಡ್ಡಿ ಒಯ್ದಾಂವಗ ಪದಕ ಯಾಕ ಕೊಟ್ರಲೇ?" ಅಲ್ಲಿಗೆ ಶಾಲು ಬರುವುದು ನಿಂತಿತು.

ಇತ್ತೀಚೆಗೆ ಕಾಲುವೆ ಸೀಮೆಯ ಭತ್ತದ ಗದ್ದೆಗಳ ಮೇಲೆ ಡ್ರೋನು ಔಷಧಿ ಸಿಂಪಡಿಸತೊಡಗಿತಲ್ಲ, ಮಾವನಿಗೆ ಹುಚ್ಚು ಹಿಡಿಯಿತು. "ಸಾಯೂದ್ರಾಗ ಒಂದು ಸಲ, ಏನರ ಒಂದು, ಈ ಕೈಲೆ ಮ್ಯಾಲ ಹಾರಿಸಬೇಕು." ಎಂಬತ್ತರ ಹೊಸ್ತಿಲಲ್ಲಿ ಹಟ! ಎರಡು ಹೊತ್ತು ಊಟ ಬಿಟ್ಟರು. ಡ್ರೋನ್ ತರಬೇತಿಗೆ ಅರ್ಜಿ ಹಾಕಲು ನನ್ನನ್ನೂ ಎಳೆದೊಯ್ದರು. ಗುಮಾಸ್ತ, "ವಯಸ್ಸು ಮೀರೈತ್ರಿ" ಎಂದ. ಮಾವ ಜೇಬಿನಿಂದ ಪದಕ ತೆಗೆದು ಮೇಜಿನ ಮೇಲಿಟ್ಟರು. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಡಿಯಾಂಗಿಲ್ರಿ. ಆಧಾರ್ ಕಾರ್ಡ್ ಐತೇನು?" ಎಂದ. ಆವತ್ತು ಮರಳುವಾಗ ಮಾವ ಬಸ್ಸಿನ ಟಯರನ್ನೂ ಮುಟ್ಟಲಿಲ್ಲವೆಂದರೆ ನೀವೇ ಊಹಿಸಿ.

ಮುಂದಿನ ವಾರ ಬಳಗಾನೂರಿನ ಅವರ ಗದ್ದೆಗೆ ಔಷಧಿ ಹೊಡೆಯಲು ತುರ್ವಿಹಾಳದ ರಜಿಯಾ ಬಂದಳು. ತರಬೇತಿ ಪಡೆದ ಹುಡುಗಿ, ಸ್ವಂತ ಡ್ರೋನು. ಮಾವ ಅದರ ಮುಂದೆ ಕುಕ್ಕರಗಾಲಲ್ಲಿ ತಪಾಸಣೆಗೆ ಕೂತರು.

"ಅಜ್ಜಾರ, ನಿಮ್ಮ ತಪಾಸಣಿ ಮುಗಿಯೂದ್ರಾಗ ನೆಲ್ಲು ಕೊಯ್ಲಿಗೆ ಬರತೈತಿ!"

"ಬಂದ್ರ ಬರಲಿ. ಇದನ್ನ ನೋಡಿಲ್ಲಿ."

ತಿರುಗುವ ರೆಕ್ಕೆಯೊಂದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು! ರಜಿಯಾಳ ನಗು ಮಾಯವಾಯಿತು. ತೆಪ್ಪಗೆ ಬೇರೆ ರೆಕ್ಕೆ ಹಾಕಿದಳು. ಆಮೇಲೆ ರಿಮೋಟನ್ನು ಮಾವನ ಕೈಗಿಟ್ಟಳು. "ಒಂದು ಸುತ್ತು ನೀವಾ ಹಾರಸ್ರಿ. ಫಿಕರ್ ಬ್ಯಾಡ, ನಾ ಬಾಜೂಕ ಅದೀನಿ."

ಮಾವ ರಿಮೋಟು ಹಿಡಿದು ನಿಂತರು. ಮುಖ ಇಪ್ಪತ್ತೈದರ ಹುಡುಗನದು. ಕೈಗಳು ಮಾತ್ರ ತಮ್ಮ ವಯಸ್ಸನ್ನು ಮರೆಯಲಿಲ್ಲ, ಗಡಗಡ ನಡುಗಿದವು. ರಿಮೋಟನ್ನು ಅವಳಿಗೇ ವಾಪಸು ಕೊಟ್ಟರು.

"ನಡುಗೂ ಕೈಗೆ ಇಮಾನ ಕೊಡಬಾರದವ್ವಾ. ನೀನ ಹಾರಸು."

ಡ್ರೋನು ಏರಿತು, ಈಚಿನ ಗದ್ದೆ ದಾಟಿತು, ಜಾಲಿ ಗಿಡಗಳ ಆಚೆಯ ಗದ್ದೆಗೆ ಹೋಗಿ ಮರೆಯಾಯಿತು. ಸದ್ದೂ ಅಡಗಿತು. ಮಾವ ಬದುವಿನ ಮೇಲೆ ಅತ್ತಿಂದಿತ್ತ ತಿರುಗತೊಡಗಿದರು. "ಎಲ್ಲಿ ಹೋತು? ಸಪ್ಪಳ ಯಾಕ ಇಲ್ಲ?"

"ಬರತೈತ್ರಿ ಅಜ್ಜಾರ."

"ಬರಲಿಲ್ಲಂದ್ರ?"

ಹಾಗೆಂದವರು ಥಟ್ಟನೆ ನಿಂತು, ಬುತ್ತಿ ಗಂಟು ಹಿಡಿದು ಕೂತಿದ್ದ ಅತ್ತೆಯತ್ತ ತಿರುಗಿದರು. ಯುದ್ಧದ ಕಾಲಕ್ಕೆ ಅತ್ತೆ, ಮಾವನ ಊರು ಗುರುಗುಂಟಾದ ಮನೆಯಲ್ಲಿದ್ದ ಹೊಸ ಸೊಸೆ.

"ಅಲ್ಲಾ... ಆವಾಗ ನೀ ಹೆಂಗ ಕಾದಿ?"

ಇಷ್ಟು ವರ್ಷಗಳಲ್ಲಿ ಅವರು ಇದನ್ನು ಕೇಳಿದ್ದು ಅಂದೇ ಮೊದಲು. ಅತ್ತೆ ಗಂಟು ಬಿಚ್ಚುತ್ತಲೇ ಹೇಳಿದರು:

"ದಿನಾ ನಿಮ್ಮ ಪಾಲಿಂದೂ ಒಂದು ರೊಟ್ಟಿ ಬಡೀತಿದ್ದೆ. ನಿಮ್ಮವ್ವ ಬೈತಿದ್ದಳು, ತಿನ್ನಾಂವ ಇಲ್ಲ, ಯಾಕ ಬಡೀತಿ ಅಂತ. ಬಡಿಯೂದು ಬಿಟ್ಟಿದ್ರ, ನೀವು ಬರಾಂಗಿಲ್ಲ ಅಂತ ನಾನ ಒಪ್ಪಿದಂಗ ಆಗತಿತ್ತಲ್ರೀ."

ಜಾಲಿ ಗಿಡಗಳ ಆಚೆಯಿಂದ ಸದ್ದು ಮತ್ತೆ ಕೇಳಿಸಿತು. ಮಾವ ಅತ್ತ ತಿರುಗಿ ನೋಡಲಿಲ್ಲ.